ನಾಡದೋಣಿಗೆ ಯಾವ ಬ್ಯಾಟರಿ? ಎರಡನೆಯದೂ ಏಳೇ ತಿಂಗಳಿಗೆ ಕೈಕೊಟ್ಟಿತು

ಗಂಗೊಳ್ಳಿ ದೋಣಿ

ನಮ್ಮದು ಫೈಬರ್ ನಾಡದೋಣಿ. 10 ಎಚ್‌ಪಿ ಔಟ್‌ಬೋರ್ಡ್, ಹಗ್ಗ ಎಳೆದು ಸ್ಟಾರ್ಟ್ ಮಾಡುವಂಥದ್ದು. ನಾನು, ಅಣ್ಣ, ಇನ್ನೊಬ್ಬರು, ಒಟ್ಟು ಮೂರು ಜನ. ಸಂಜೆ 4ಕ್ಕೆ ಹೊರಟು ಅಳಿವೆ ದಾಟಿ ಕಂತಬಲೆ (ಮೀನಿನ ಕಿವಿರು ಸಿಕ್ಕಿಕೊಳ್ಳುವ ಬಲೆ) ಬಿಟ್ಟು, ರಾತ್ರಿ ಅಲ್ಲೇ ಕಾದು, ಬೆಳಗಿನ ಜಾವ ಬಲೆ ಎಳೆದು 8 ಗಂಟೆ ಹೊತ್ತಿಗೆ ದಡಕ್ಕೆ ಬರುತ್ತೇವೆ. ದೋಣಿಯಲ್ಲಿ ಎರಡು ಎಲ್ಇಡಿ ದೀಪ, ನೀರಿನಡಿ ಮೀನು ಎಲ್ಲಿದೆ ತೋರಿಸುವ ಒಂದು ಸಣ್ಣ ಫಿಶ್ ಫೈಂಡರ್ (ಜಿಪಿಎಸ್ ಅದರಲ್ಲೇ ಇದೆ), ವೈರ್‌ಲೆಸ್ ಸೆಟ್, ನೀರು ಎತ್ತುವ ಪುಟ್ಟ ಪಂಪು, ಆಮೇಲೆ ಮೂರು ಜನರ ಮೊಬೈಲ್ ಚಾರ್ಜಿಂಗ್. ಇಷ್ಟೇ.

ಬ್ಯಾಟರಿ ಲಾರಿಗೆ ಹಾಕುವ 80 ಎಎಚ್‌ನದ್ದು (ಆಂಪಿಯರ್-ಅವರ್, ಎಷ್ಟು ಕರೆಂಟು ಎಷ್ಟು ಗಂಟೆ ಕೊಡುತ್ತದೆ ಎಂಬ ಅಳತೆ). ಮೊದಲನೆಯದು ಒಂದು ವರ್ಷ ಬಂತು. ಎರಡನೆಯದು ಏಳೇ ತಿಂಗಳಿಗೆ ಸುಸ್ತು. ಹೋದ ವಾರ ರಾತ್ರಿ ಎರಡು ಗಂಟೆಗೆ ಬಲೆ ನೀರಲ್ಲಿರುವಾಗಲೇ ದೀಪ ಮಂಕಾಗಿ ಮಂಕಾಗಿ ಪೂರ್ತಿ ಹೋಯಿತು. ಅದೇ ಹೊತ್ತಿಗೆ ತೆಂಕು ಕಡೆಯಿಂದ ಒಂದು ದೊಡ್ಡ ಟ್ರಾಲ್ ಬೋಟು ನೇರ ನಮ್ಮ ಮೇಲೇ ಬರುತ್ತಿತ್ತು. ಅಣ್ಣ ಮೊಬೈಲ್ ಟಾರ್ಚ್ ಹಿಡಿದು ಕೈ ಬೀಸಿದ, ನಾನು ಖಾಲಿ ಡಬ್ಬ ಬಡಿದೆ. ಅವರು ಹತ್ತಿರ ಬಂದ ಮೇಲೇ ತಿರುಗಿಸಿದ್ದು. ಅವರ ಅಲೆಗೆ ನಮ್ಮ ದೋಣಿ ಒಳಗೆ ನೀರು ಬಂತು, ಪಂಪು ಹಾಕೋಣ ಅಂದರೆ ಕರೆಂಟೇ ಇಲ್ಲ.

ಅಂಗಡಿಯವರನ್ನು ಕೇಳಿದರೆ ಒಬ್ಬರು ಇನ್ವರ್ಟರ್‌ಗೆ ಹಾಕುವ 150ರ ಟ್ಯೂಬುಲರ್ ತಗೊಳ್ಳಿ ಅನ್ನುತ್ತಾರೆ, ಇನ್ನೊಬ್ಬರು ಸೀಲ್ಡ್ ಅನ್ನುತ್ತಾರೆ, ಮತ್ತೊಬ್ಬರು ಈಗೆಲ್ಲ ಲೀಥಿಯಂ ಅನ್ನುತ್ತಾರೆ. ದಿನಾ ಖಾಲಿ ಮಾಡಿ ತುಂಬಿಸಲೆಂದೇ ಮಾಡಿದ ಡೀಪ್ ಸೈಕಲ್ ಅಂತ ಬೇರೆಯೇ ಬರುತ್ತದೆ ಎಂದೂ ಓದಿದೆ. ಜೂನ್ 1ರಿಂದ ಜುಲೈ 31ರ ತನಕ ದೊಡ್ಡ ಬೋಟುಗಳು ಕಟ್ಟಿರುತ್ತವೆ, ನಮ್ಮಂಥವರಿಗೆ ನಾಲ್ಕು ಕಾಸು ಆಗುವುದು ಆಗಲೇ. ಮಳೆ ಹಿಡಿಯುವ ಮೊದಲು ಇದನ್ನು ಸರಿ ಮಾಡಬೇಕು. ಯಾವುದು ತಗೊಳ್ಳಲಿ?

ಸುಮ್ನೆ ಓದುವವ

ಎರಡು ಎಲ್ಇಡಿ ದೀಪ ಯಾಕಪ್ಪಾ? ಲೈಟ್ ಫಿಶಿಂಗ್‌ಗೆ 2017ರಿಂದಲೇ ನಿಷೇಧ ಇದೆ 😄

ಗಂಗೊಳ್ಳಿ ದೋಣಿ

12 ವಾಟಿನ ದೀಪಕ್ಕೆ ಮೀನು ಬರುವುದಾದರೆ ನಮ್ಮ ಮನೆ ಜಗಲಿಗೂ ಬರಬೇಕಿತ್ತು. ಬಲೆ ಎಳೆಯುವಾಗ ಕೈ ಕಾಣಬೇಕಲ್ಲ, ಅದಕ್ಕೆ.

ಬಸ್ರೂರು ಬ್ಯಾಟರಿ

ನಾನು ಇನ್ವರ್ಟರ್ ರಿಪೇರಿ ಮಾಡುವವನು. ದೋಣಿ ನನಗೆ ಗೊತ್ತಿಲ್ಲ, ಬ್ಯಾಟರಿ ಗೊತ್ತು. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಮೊದಲು ಲಾರಿ ಬ್ಯಾಟರಿ ಯಾಕೆ ಸಾಯುತ್ತದೆ ನೋಡೋಣ. ಅದರ ಕೆಲಸ ಸ್ಟಾರ್ಟರ್ ಮೋಟರ್‌ಗೆ ಎರಡು ಮೂರು ಸೆಕೆಂಡು ನೂರಾರು ಆಂಪಿಯರ್ ಕೊಡುವುದು. ಅಷ್ಟು ಕರೆಂಟು ಒಟ್ಟಿಗೆ ಬರಬೇಕೆಂದು ಒಳಗೆ ಪ್ಲೇಟುಗಳನ್ನು ಹಪ್ಪಳದ ಹಾಗೆ ತೆಳು ಮಾಡಿ ಜಾಸ್ತಿ ಸಂಖ್ಯೆಯಲ್ಲಿ ಜೋಡಿಸಿರುತ್ತಾರೆ. ಲಾರಿ ಸ್ಟಾರ್ಟ್ ಆದ ಮರುಕ್ಷಣದಿಂದ ಆಲ್ಟರ್ನೇಟರ್ ಅದನ್ನು ತುಂಬಿಸುತ್ತದೆ, ಹಾಗಾಗಿ ಅದು ಯಾವತ್ತೂ ಖಾಲಿಯಾಗುವುದೇ ಇಲ್ಲ. ನೀವು ಅದನ್ನು ದಿನಾ ರಾತ್ರಿ ಅರ್ಧಕ್ಕಿಂತ ಕೆಳಗೆ ಇಳಿಸುತ್ತೀರಿ. ಪ್ಲೇಟಿನ ಮೇಲಿನ ಮಸಾಲೆ (ಸೀಸದ ಲೇಪ) ಉದುರಿ ತಳ ಸೇರುತ್ತದೆ. ಡೀಪ್ ಸೈಕಲ್ ಬ್ಯಾಟರಿಯಲ್ಲಿ ಪ್ಲೇಟು ಕಡಿಮೆ, ಆದರೆ ದಪ್ಪ. ಟ್ಯೂಬುಲರ್‌ನಲ್ಲಿ ಮಸಾಲೆಯನ್ನು ಬಟ್ಟೆಯಂಥ ಕೊಳವೆಯೊಳಗೆ ತುಂಬಿರುತ್ತಾರೆ, ಅದಕ್ಕೇ ಸುಲಭಕ್ಕೆ ಉದುರುವುದಿಲ್ಲ.

ಈಗ ಲೆಕ್ಕ. ನೀವು ಹೇಳಿದ ಸಾಮಾನು ನೋಡಿ ಅಂದಾಜು ಮಾಡಿದ್ದೇನೆ, ತಪ್ಪಿದ್ದರೆ ತಿದ್ದಿ. 12 ವಾಟಿನ ಎರಡು ದೀಪ ಅಂದರೆ 2 ಆಂಪಿಯರ್, 10 ಗಂಟೆಗೆ 20 ಎಎಚ್. ಫಿಶ್ ಫೈಂಡರ್ 1 ಆಂಪಿಯರ್, 10 ಗಂಟೆಗೆ 10. ವೈರ್‌ಲೆಸ್ ಸುಮ್ನೆ ಕೇಳುತ್ತಾ ಇದ್ದರೆ ಅರ್ಧ ಆಂಪಿಯರ್, ಅದು 5. ಮಾತಾಡುವಾಗ 5 ಆಂಪಿಯರ್ ಎಳೆಯುತ್ತದೆ, ಆದರೆ ಇಡೀ ರಾತ್ರಿ ಸೇರಿಸಿದರೂ ಹತ್ತು ನಿಮಿಷ ಮಾತಾಡುತ್ತೀರೇನೋ, 1 ಎಂದಿಟ್ಟುಕೊಳ್ಳಿ. ಮೊಬೈಲ್ ಮೂರಕ್ಕೆ 6. ಪಂಪು ಅರ್ಧ ಗಂಟೆಗೆ 2. ಒಟ್ಟು 44 ಎಎಚ್.

ಲೆಡ್ ಆಸಿಡ್ ಬ್ಯಾಟರಿ ಯಾವುದೇ ಇರಲಿ (ಲಾರಿಯದು, ಟ್ಯೂಬುಲರ್ ಎಲ್ಲ ಇದೇ ಜಾತಿ), ಅರ್ಧಕ್ಕಿಂತ ಕೆಳಗೆ ಇಳಿಸದಿದ್ದರೆ ಬಾಳಿಕೆ ಬರುತ್ತದೆ. 44ರ ಎರಡು ಪಟ್ಟು 88. ಅಂದರೆ 100 ಎಎಚ್ ಸಾಕು. 150 ಬೇಡ. ದುಡ್ಡಿಗಾಗಿ ಹೇಳುತ್ತಿಲ್ಲ, 150ರ ಟ್ಯೂಬುಲರ್ 50 ಕೆಜಿ ಮೇಲೆ ತೂಗುತ್ತದೆ. ಅದನ್ನು ದಿನಾ ದಡದಿಂದ ಮನೆಗೆ ಹೊರುವವರು ಯಾರು?

ಆದರೆ ನನ್ನ ಅನುಮಾನ ಬೇರೆ. ಒಂದು ವರ್ಷ ಬಂದದ್ದು ಏಳು ತಿಂಗಳಿಗೆ ಇಳಿದಿದೆ ಅಂದರೆ ಖಾಲಿ ಮಾಡಿದ್ದು ಮಾತ್ರ ಕಾರಣ ಅಲ್ಲ, ತುಂಬಿಸದೆ ಇದ್ದದ್ದೂ ಇರಬಹುದು. ಚಾರ್ಜರ್ ಯಾವುದು? ಎಷ್ಟು ಹೊತ್ತು ಹಾಕುತ್ತೀರಿ? ಬ್ಯಾಟರಿಗೆ ಮುಚ್ಚಳ ಬಿಚ್ಚುವ ಹಾಗಿದ್ದರೆ ಆಸಿಡ್ ಎಷ್ಟು ಗಟ್ಟಿ ಇದೆ ನೋಡಿ ಚಾರ್ಜ್ ಎಷ್ಟಿದೆ ಹೇಳುವ ಒಂದು ಹೈಡ್ರೋಮೀಟರ್ ತಂದು ಆರೂ ಸೆಲ್ (ಒಳಗಿನ ಖಾನೆ) ನೋಡಿ, ಅಂಕಿ ಇಲ್ಲಿ ಹಾಕಿ. ಚಾರ್ಜಿಂಗ್ ತೆಗೆದು ಮೂರು ನಾಲ್ಕು ಗಂಟೆ ಬಿಟ್ಟು ನೋಡಬೇಕು, ಕೂಡಲೇ ನೋಡಿದರೆ ಮೀಟರ್ ಸುಳ್ಳು ಹೇಳುತ್ತದೆ.

ತದಡಿ ಏಡಿ

ಬಸ್ರೂರಿನವರ ಲೆಕ್ಕ ಸರಿ ಇದೆ. ಒಂದು ಸೇರಿಸುತ್ತೇನೆ. ಇನ್ವರ್ಟರ್ ಟ್ಯೂಬುಲರ್ ದೋಣಿಗೆ ಬೇಡವೇ ಬೇಡ. ಅದು ಅಲ್ಲಾಡದೆ ನೆಲದ ಮೇಲೆ ನಿಲ್ಲಲು ಮಾಡಿದ್ದು. ಎತ್ತರ ಜಾಸ್ತಿ, ಅಲೆಗೆ ವಾಲುತ್ತದೆ, ನೀರಿನ ಮಟ್ಟ ತೋರಿಸುವ ಆ ಪ್ಲಾಸ್ಟಿಕ್ ಕಡ್ಡಿಯ ಸಂದಿನಿಂದ ಆಸಿಡ್ ಹೊರಗೆ ಬರುತ್ತದೆ. ನನ್ನ ಒಂದು ಬಲೆಯ ಅಂಚು ಹಾಗೇ ಸುಟ್ಟು ಹೋಯಿತು. ಮೊದಲು ಗೊತ್ತೇ ಆಗಲಿಲ್ಲ, ಎರಡು ದಿನ ಬಿಟ್ಟು ಎಳೆದರೆ ಹಗ್ಗ ಹಳೇ ನೂಲಿನ ಹಾಗೆ ಕೈಯಲ್ಲೇ ಬಂತು.

ನಾನು ಈಗ ಹಾಕಿರುವುದು ಇ-ರಿಕ್ಷಾ ಬ್ಯಾಟರಿ. ನಗಬೇಡಿ. ರಿಕ್ಷಾ ಇಡೀ ದಿನ ಅದರ ಮೇಲೇ ಓಡುತ್ತದೆ, ರಾತ್ರಿ ಚಾರ್ಜ್ ಆಗುತ್ತದೆ, ಹೊಂಡದಲ್ಲಿ ಕುಣಿಯುತ್ತದೆ. ದೋಣಿಯ ಕೆಲಸವೂ ಅದೇ ಅಲ್ವಾ? 12 ವೋಲ್ಟ್, 100ರ ಆಸುಪಾಸಿನದು ಒಂದೇ ಒಂದು ಕೊಡುತ್ತಾರೆ, ರಿಕ್ಷಾಕ್ಕೆ ಹಾಕುವ ನಾಲ್ಕೂ ತಗೊಳ್ಳಬೇಕಾಗಿಲ್ಲ. ಒಬ್ಬನೇ ಎತ್ತಬಹುದು. ಎರಡು ಮಳೆಗಾಲ ಮುಗಿದಿದೆ, ಇನ್ನೂ ಇದೆ.

ಬ್ಯಾಟರಿಯನ್ನು ಆಳದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿಟ್ಟು ಬೆಲ್ಟ್ ಬಿಗಿಯಿರಿ. ಮೇಲೆ ಮುಚ್ಚಳ ಇರಲಿ, ಆದರೆ ಗಾಳಿ ಆಡಬೇಕು. ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ, ಅದರ ಪಕ್ಕ ಬೀಡಿ ಹಚ್ಚುವವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಇನ್ನೊಂದು ಅಪಾಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಉಪ್ಪುನೀರು ಬ್ಯಾಟರಿಯ ಒಳಗೆ ಹೋದರೆ ಕ್ಲೋರಿನ್ ಗ್ಯಾಸ್ ಬರುತ್ತದೆ. ಪೆಟ್ಟಿಗೆ ದೋಣಿಯ ತಳಕ್ಕಿಂತ ನಾಲ್ಕು ಬೆರಳು ಮೇಲಿರಲಿ.

ಲೀಥಿಯಂ ರಾಯ

ಇಷ್ಟೆಲ್ಲ ತಾಪತ್ರಯ ಯಾಕೆ? ಎಲ್ಎಫ್‌ಪಿ (ಲೀಥಿಯಂ ಐರನ್ ಫಾಸ್ಫೇಟ್) ಲೀಥಿಯಂ 60 ಎಎಚ್ ಒಂದು ತಗೊಳ್ಳಿ. ತೂಕ 8 ಕೆಜಿ ಒಳಗೆ. 80-90 ಪರ್ಸೆಂಟ್ ತನಕ ಖಾಲಿ ಮಾಡಿದರೂ ಏನೂ ಆಗುವುದಿಲ್ಲ. ಆಸಿಡ್ ಇಲ್ಲ, ನೀರು ಹಾಕುವುದಿಲ್ಲ. ಸರಿಯಾದ ಚಾರ್ಜರ್ ಇದ್ದರೆ ಮೂರು ಗಂಟೆಯಲ್ಲಿ ತುಂಬುತ್ತದೆ. ಅರ್ಧ ಚಾರ್ಜ್‌ನಲ್ಲಿ ವಾರಗಟ್ಟಲೆ ಇಟ್ಟರೂ ಲೆಡ್ ಬ್ಯಾಟರಿಯ ಹಾಗೆ ಪ್ಲೇಟಿಗೆ ಸಲ್ಫೇಟ್ ಕಟ್ಟುವ ಮಾತೇ ಇಲ್ಲ. 2000 ಸೈಕಲ್ (ಖಾಲಿ ಮಾಡಿ ತುಂಬಿಸುವ ಸುತ್ತು) ಆರಾಮಾಗಿ ಬರುತ್ತದೆ.

ತದಡಿ ಏಡಿ

ಒಪ್ಪಿದೆ. ಆದರೆ ಕೊನೆಗೆ ಹೇಗೆ ನಿಲ್ಲುತ್ತದೆ ಹೇಳಿ? ಲೆಡ್ ಬ್ಯಾಟರಿ ಮಂಕಾಗಿ ಮಂಕಾಗಿ ಹೋಗುತ್ತದೆ, ಅರ್ಧ ಗಂಟೆ ಮೊದಲೇ ಗೊತ್ತಾಗುತ್ತದೆ. ಲೀಥಿಯಂ ಒಳಗಿನ ಬಿಎಂಎಸ್ (ಸೆಲ್‌ಗಳನ್ನು ಕಾಯುವ ಸರ್ಕ್ಯೂಟ್ ಬೋರ್ಡು) ಟಪ್ ಅಂತ ಕತ್ತರಿಸುತ್ತದೆ. ದೀಪ, ವೈರ್‌ಲೆಸ್, ಪಂಪು ಎಲ್ಲ ಒಂದೇ ಸಲ ಕತ್ತಲೆ.

ಲೀಥಿಯಂ ರಾಯ

ಅದಕ್ಕೆ ಶಂಟ್ ಇರುವ ಮೀಟರ್ ಹಾಕಿಕೊಳ್ಳಬೇಕು, ಎಷ್ಟು ಎಎಚ್ ಹೋಯಿತು ಎಂದು ತೋರಿಸುತ್ತದೆ. ಲೀಥಿಯಂನಲ್ಲಿ ವೋಲ್ಟೇಜ್ ನೋಡಿ ಏನೂ ತಿಳಿಯುವುದಿಲ್ಲ, ತುಂಬಾ ಹೊತ್ತು 13ರ ಸುತ್ತಲೇ ನಿಂತಿರುತ್ತದೆ.

ಬಸ್ರೂರು ಬ್ಯಾಟರಿ

ಲೀಥಿಯಂ ಕೆಟ್ಟದ್ದಲ್ಲ. ನನ್ನ ತಕರಾರು ಎರಡು. ಒಂದು, ಹಳೇ ಸೆಲ್‌ಗಳನ್ನು ಸೇರಿಸಿ ಮೇಲೆ ನೀಲಿ ಪ್ಲಾಸ್ಟಿಕ್ ಸುತ್ತಿ ಮಾರುವವರು ಜಾಸ್ತಿ ಆಗಿದ್ದಾರೆ. ಬಿಚ್ಚಿ ನೋಡಿದವರಿಗೆ ಗೊತ್ತು. ಎರಡು, ಉಪ್ಪುಗಾಳಿ. ಪೂರ್ತಿ ಸೀಲ್ ಆಗದ ಪ್ಯಾಕ್‌ನಲ್ಲಿ ಬಿಎಂಎಸ್ ಬೋರ್ಡು ಹಸಿರು ಕಟ್ಟುತ್ತದೆ. ಐಪಿ67 (ಧೂಳು, ನೀರು ಒಳಗೆ ಹೋಗದು ಎಂಬ ಗುರುತು) ಎಂದು ಬರೆದಿರುವುದು, ವಾರಂಟಿ ಕಾರ್ಡಿನಲ್ಲಿ ಅಂಗಡಿ ಸೀಲು ಬೀಳುವುದು, ಇವೆರಡೂ ಇದ್ದರೆ ತಗೊಳ್ಳಲಿ. ಚಾರ್ಜರ್ ಕೂಡ ಅದಕ್ಕೇ ಎಂದು ಮಾಡಿದ್ದು ಬೇಕು, 14.4 ರಿಂದ 14.6ರಲ್ಲಿ ನಿಲ್ಲಿಸುವಂಥದ್ದು. ಮನೆಯಲ್ಲಿರುವ ಹಳೇ ಗ್ಯಾರೇಜ್ ಚಾರ್ಜರ್ ಸಿಕ್ಕಿಸಬೇಡಿ.

ಗಂಗೊಳ್ಳಿ ದೋಣಿ

ಎಲ್ಲರಿಗೂ ಥ್ಯಾಂಕ್ಸ್. ಹೈಡ್ರೋಮೀಟರ್ ತಂದೆ. ಬಿಳಿ ತಟ್ಟೆ ಮೇಲೆ ನಿಲ್ಲಿಸಿಕೊಂಡು, ಕಣ್ಣಿಗೆ ಅಮ್ಮನ ಚಸ್ಮಾ ಹಾಕಿಕೊಂಡು, ಒಂದೊಂದೇ ಸೆಲ್‌ನಿಂದ ಎಳೆದು ನೋಡಿದೆ. ಪ್ಲಸ್ ಕಡೆಯಿಂದ ಬರೆಯುತ್ತೇನೆ: 1.230, 1.225, 1.230, 1.120, 1.225, 1.220. ನಾಲ್ಕನೆಯದರಲ್ಲಿ ತೇಲುವ ಗಾಜಿನ ಬುರುಡೆ ಸರಿಯಾಗಿ ಮೇಲೆ ಏಳಲಿಲ್ಲ, ನೀರು ಕಾಫಿ ಬಣ್ಣ. ಮಲ್ಟಿಮೀಟರ್ 12.3 ತೋರಿಸುತ್ತದೆ. ಅರ್ಧಕ್ಕಿಂತ ಜಾಸ್ತಿ ಇದೆಯಲ್ಲ ಎಂದುಕೊಂಡು ಎರಡೂ ದೀಪ ಹಚ್ಚಿದೆ, ನೋಡ್ತಾ ನೋಡ್ತಾ 11.4ಕ್ಕೆ ಬಂತು.

ಚಾರ್ಜರ್ 5 ಆಂಪಿಯರ್‌ನದು. ತಗಡಿನ ಡಬ್ಬ, ಒಳಗೆ ಟ್ರಾನ್ಸ್‌ಫಾರ್ಮರ್, ಮೇಲೊಂದು ಮುಳ್ಳಿನ ಮೀಟರ್. ಬೆಳಿಗ್ಗೆ ಎಂಟೂವರೆಗೆ ಹಾಕಿ ಮಧ್ಯಾಹ್ನ ಮೂರೂವರೆಗೆ ತೆಗೆಯುತ್ತೇವೆ. ಇನ್ನೊಂದು ವಿಚಿತ್ರ ಇದೆ, ಯಾರಿಗಾದರೂ ಗೊತ್ತಾ? ವೈರ್‌ಲೆಸ್‌ನಲ್ಲಿ ಮಾತಾಡಲು ಬಟನ್ ಒತ್ತಿದರೆ ಫಿಶ್ ಫೈಂಡರ್ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ಹೊಸ ಬ್ಯಾಟರಿ ಇದ್ದಾಗಲೂ ಹಾಗೇ ಇತ್ತು.

ಬಸ್ರೂರು ಬ್ಯಾಟರಿ

ಚಾರ್ಜ್ ಆಗುತ್ತಿರುವಾಗ ಮೂರು ಗಂಟೆ ಹೊತ್ತಿಗೆ ಬ್ಯಾಟರಿ ಕಂಬದ (ಟರ್ಮಿನಲ್) ಮೇಲೆ ಎಷ್ಟು ವೋಲ್ಟ್ ಇರುತ್ತದೆ? ಆಗಲೇ ಗೋಡೆಯ ಪ್ಲಗ್‌ನಲ್ಲಿ ಎಷ್ಟು? ಪ್ಲಗ್ ನೋಡುವಾಗ ಮೀಟರ್ ಎಸಿ ಕಡೆ ತಿರುಗಿಸಿ ಮಾರಾಯ್ರೇ, ಮರೆಯಬೇಡಿ.

ಗಂಗೊಳ್ಳಿ ದೋಣಿ

ಬ್ಯಾಟರಿ 13.5. ಪ್ಲಗ್‌ನಲ್ಲಿ 185!

ಬಸ್ರೂರು ಬ್ಯಾಟರಿ

ಸಿಕ್ಕಿತು ನೋಡಿ. ಬೇಸಿಗೆಯಲ್ಲಿ ತೋಟದ ಪಂಪುಗಳೆಲ್ಲ ಹಗಲಿಗೆ ಓಡುತ್ತವೆ, ಲೈನಿನ ಕೊನೆಯ ಮನೆಗೆ 185 ಬರುತ್ತದೆ. ನಿಮ್ಮ ತಗಡಿನ ಚಾರ್ಜರ್‌ಗೆ ಬುದ್ಧಿ ಇಲ್ಲ. ಒಳಗೆ ಬಂದ ವೋಲ್ಟೇಜ್ ಇಳಿದರೆ ಹೊರಗಿನದೂ ಅಷ್ಟೇ ಪ್ರಮಾಣದಲ್ಲಿ ಇಳಿಯುತ್ತದೆ. ಲೆಡ್ ಬ್ಯಾಟರಿ ಪೂರ್ತಿ ತುಂಬಬೇಕಾದರೆ 14.4ರ ಮೇಲೆ ಒಂದೆರಡು ಮೂರು ಗಂಟೆ ನಿಲ್ಲಬೇಕು. ನಿಮ್ಮದು 13.5 ದಾಟುವುದೇ ಇಲ್ಲ. ಮುಳ್ಳು ಕೆಳಗಿಳಿದದ್ದು ನೋಡಿ ನೀವು ತುಂಬಿತು ಅಂದುಕೊಂಡಿರಿ. ಇದೇ ಡಬ್ಬವನ್ನು ರಾತ್ರಿ ಹಾಕಿ ಮಲಗಿದರೆ ಉಲ್ಟಾ ಆಗುತ್ತದೆ, 12 ಗಂಟೆ ಮೇಲೆ ಲೈನ್ 240 ಆಗಿ ಬೆಳಗಿನ ತನಕ ಗೊಳಗೊಳ ಕುದಿಸುತ್ತದೆ.

ದಿನಾ ಮುಕ್ಕಾಲು ತುಂಬಿಸಿ, ಅಲ್ಲಿಂದ 44 ತೆಗೆದರೆ ಬೆಳಿಗ್ಗೆ ಏನು ಉಳಿಯುತ್ತದೆ? ಮರುದಿನ ಮತ್ತೆ ಮುಕ್ಕಾಲೂ ಆಗುವುದಿಲ್ಲ. ತುಂಬದೆ ಉಳಿದ ಭಾಗ ಬಿಳಿ ಸಲ್ಫೇಟ್ ಆಗಿ ಗಟ್ಟಿಯಾಗುತ್ತದೆ. ಎಲ್ಲಕ್ಕಿಂತ ದುರ್ಬಲ ಸೆಲ್ ಮೊದಲು ಹೋಗುತ್ತದೆ, ನಿಮ್ಮ ನಾಲ್ಕನೆಯದು ಹಾಗೇ ಹೋಯಿತು. ಅದನ್ನು ಉಳಿಸಲು ಆಗುವುದಿಲ್ಲ. ಆಸಿಡ್ ಹಾಕಿಸಿ ಸರಿ ಮಾಡುತ್ತೇನೆ ಅನ್ನುವವರ ಹತ್ತಿರ ಹೋಗಬೇಡಿ.

ಹಾಗಾಗಿ ಮೊದಲು ಚಾರ್ಜರ್, ಆಮೇಲೆ ಬ್ಯಾಟರಿ. ಎಸ್‌ಎಂಪಿಎಸ್ ಚಾರ್ಜರ್ ತಗೊಳ್ಳಿ, 10 ಆಂಪಿಯರ್, ಮೂರು ಹಂತದ್ದು. ಪೆಟ್ಟಿಗೆ ಮೇಲೆ ಇನ್‌ಪುಟ್ 150-270 ಅಥವಾ ಅದರ ಹತ್ತಿರದ ಅಂಕಿ ಇರಬೇಕು. 185 ಇದ್ದರೂ ಅದು ಹೊರಗೆ 14.4 ಕೊಡುತ್ತದೆ, ತುಂಬಿದ ಮೇಲೆ ತಾನೇ 13.6ಕ್ಕೆ ಇಳಿಯುತ್ತದೆ. 100 ಎಎಚ್‌ಗೆ 10 ಆಂಪಿಯರ್ ಸರಿಯಾದ ಅಳತೆ. 44 ತೆಗೆದಿದ್ದರೆ ನಷ್ಟ ಸೇರಿ 52ರಷ್ಟು ವಾಪಸ್ ಹಾಕಬೇಕು. ಮೊದಲ ನಾಲ್ಕೈದು ಗಂಟೆ ಜೋರಾಗಿ ಹೋಗುತ್ತದೆ, ಕೊನೆಯ ಸ್ವಲ್ಪಕ್ಕೆ ಎರಡು ಮೂರು ಗಂಟೆ. ನಿಮ್ಮ 7 ಗಂಟೆಗೆ ಹೆಚ್ಚುಕಡಿಮೆ ಕೂರುತ್ತದೆ. ಸಮುದ್ರಕ್ಕೆ ಹೋಗದ ದಿನ ಇಡೀ ದಿನ ಬಿಡಿ, ಬಾಕಿ ಎಲ್ಲ ತೀರುತ್ತದೆ.

ಫಿಶ್ ಫೈಂಡರ್ ಆಫ್ ಆಗುವುದು ವೈರಿನ ದೋಷ. ಎಷ್ಟು ಉದ್ದ, ಎಷ್ಟು ದಪ್ಪ?

ಗಂಗೊಳ್ಳಿ ದೋಣಿ

ಬ್ಯಾಟರಿ ಮುಂದಿನ ಹಲಗೆ ಕೆಳಗೆ, ಸೆಟ್‌ಗಳು ಹಿಂದೆ ಇಂಜಿನ್ ಹತ್ತಿರ. 6 ಮೀಟರ್ ಇರಬಹುದು. ಮನೆ ವೈರಿಂಗ್‌ನಲ್ಲಿ ಉಳಿದಿದ್ದ 1 ಸ್ಕ್ವೇರ್ ಎಂಎಂ ವೈರು, ಎಲ್ಲದಕ್ಕೂ ಅದೊಂದೇ.

ಬಸ್ರೂರು ಬ್ಯಾಟರಿ

ಹೋಗಿ ಬರಲು 12 ಮೀಟರ್. 1 ಸ್ಕ್ವೇರ್‌ನಲ್ಲಿ 0.22 ಓಮ್ ಹತ್ತಿರ ಆಯಿತು. ಮಾತಾಡುವಾಗ ದೀಪ ಎಲ್ಲ ಸೇರಿ 8 ಆಂಪಿಯರ್. 1.8 ವೋಲ್ಟ್ ವೈರೇ ತಿಂದು ಹಾಕಿತು. ಬ್ಯಾಟರಿಯಲ್ಲಿ 12 ಇದ್ದರೂ ಹಿಂದೆ 10.2. ಫಿಶ್ ಫೈಂಡರ್ ಪಾಪ, ಏನು ಮಾಡುತ್ತದೆ? 4 ಸ್ಕ್ವೇರ್ ಹಾಕಿದರೆ ಅರ್ಧ ವೋಲ್ಟ್‌ನಲ್ಲಿ ಮುಗಿಯುತ್ತದೆ. ತವರ ಲೇಪಿಸಿದ ತಾಮ್ರ ಸಿಕ್ಕರೆ ಅದನ್ನೇ ಹಾಕಿ, ಸಾದಾ ತಾಮ್ರ ಉಪ್ಪಿಗೆ ಒಳಗೊಳಗೇ ಕಪ್ಪಾಗುತ್ತದೆ. ಪ್ಲಸ್ ಕಂಬದಿಂದ ಒಂದು ಗೇಣಿನ ಒಳಗೇ ಫ್ಯೂಸ್ ಇರಲಿ. ಇದೆಯಾ ಈಗ?

ಗಂಗೊಳ್ಳಿ ದೋಣಿ

ಇಲ್ಲ 🙈

ಮಿನೆಸೋಟ ಮಂಜ

ಊರು ಕುಂದಾಪುರ, ಈಗ ಇಲ್ಲಿ ಅಮೆರಿಕದಲ್ಲಿ ಕೆರೆಯಲ್ಲಿ ಗಾಳ ಹಾಕುವವನು. ಇಲ್ಲಿ ಟ್ರೋಲಿಂಗ್ ಮೋಟರ್ ಎಂದು ಬ್ಯಾಟರಿಯಲ್ಲೇ ಓಡುವ ಸಣ್ಣ ಮೋಟರ್ ಹಾಕುತ್ತಾರೆ, ಫುಲ್ ಸ್ಪೀಡ್‌ನಲ್ಲಿ 50 ಆಂಪಿಯರ್ ಎಳೆಯುತ್ತದೆ, ಹಾಗಾಗಿ ನಮ್ಮ ಲೆಕ್ಕವೇ ಬೇರೆ. ಒಂದು ವಿಷಯ ಮಾತ್ರ ಹೇಳುತ್ತೇನೆ. "ಮರೀನ್" ಎಂಬ ಸ್ಟಿಕರ್ ನೋಡಿ ಮರುಳಾಗಬೇಡಿ. ಇಲ್ಲಿ ಆ ಹೆಸರಲ್ಲಿ ಸಿಗುವುದರಲ್ಲಿ ಬಹಳಷ್ಟು ಅರ್ಧ ಸ್ಟಾರ್ಟಿಂಗ್ ಅರ್ಧ ಡೀಪ್ ಸೈಕಲ್, ಎರಡೂ ಅಲ್ಲದ ಎಡಬಿಡಂಗಿ. 20 ಗಂಟೆಯ ಎಎಚ್ (20 ಗಂಟೆಯಲ್ಲಿ ನಿಧಾನಕ್ಕೆ ಖಾಲಿ ಮಾಡಿದರೆ ಸಿಗುವುದು) ಎಷ್ಟು ಎಂದು ಬರೆದಿದೆಯಾ ನೋಡಿ. ಬರೀ ಕ್ರ್ಯಾಂಕಿಂಗ್ ಆಂಪಿಯರ್ (ಇಂಜಿನ್ ಸ್ಟಾರ್ಟ್ ಮಾಡುವಾಗ ಕೊಡುವ ಕರೆಂಟು) ಬರೆದಿದ್ದರೆ ವಾಪಸ್ ಇಟ್ಟುಬಿಡಿ. ಲೀಥಿಯಂ ನನ್ನದೂ ಇದೆ, ಸೊನ್ನೆ ಡಿಗ್ರಿ ಕೆಳಗೆ ಚಾರ್ಜ್ ಮಾಡಬಾರದು. ಗಂಗೊಳ್ಳಿಗೆ ಆ ಚಿಂತೆ ಇಲ್ಲ, ಪುಣ್ಯವಂತರು.

ಸುಮ್ನೆ ಓದುವವ

ಸೋಲಾರ್ ಹಾಕಿದರೆ ಚಾರ್ಜರ್ರೇ ಬೇಡವಲ್ಲ? ದೋಣಿ ಮೇಲೇ ಒಂದು ಪ್ಯಾನಲ್.

ತದಡಿ ಏಡಿ

ದೋಣಿ ಮೇಲೆ ಪ್ಯಾನಲ್ ಹಾಕಿ ನೋಡಿದ್ದೇನೆ. ಬಲೆ ಬಿಡುವಾಗ ಮೂಲೆಗೆ ಸಿಕ್ಕಿಕೊಂಡು ಬಲೆಯ ಒಂದು ಹಿಡಿ ಕಣ್ಣು ಹರಿಯಿತು. ಅದೂ ಅಲ್ಲದೆ ಇವರು ಸಮುದ್ರದಲ್ಲಿರುವುದು ರಾತ್ರಿ. ಹಗಲು ಬ್ಯಾಟರಿ ಮನೆಯಲ್ಲಿರುತ್ತದೆ. ಹಾಕುವುದಾದರೆ ಮನೆ ಮಾಡಿಗೆ ಹಾಕಲಿ. 100 ವಾಟ್‌ನದು ಒಳ್ಳೇ ಬಿಸಿಲಿಗೆ ದಿನಕ್ಕೆ 25-30 ಎಎಚ್ ಕೊಡುತ್ತದೆ, ಇವರಿಗೆ ಎರಡು ಬೇಕು. ಜೂನ್ ಬಂದ ಮೇಲೆ ಎರಡಿದ್ದರೂ ಸಾಲದು.

ಅದಕ್ಕಿಂತ ದೀಪ ಕಡಿಮೆ ಮಾಡಿ. ಬಲೆ ನೀರಲ್ಲಿರುವಾಗ ಎರಡೂ ದೊಡ್ಡ ದೀಪ ಯಾಕೆ? ಸುತ್ತಲೂ ಕಾಣುವ 5 ವಾಟಿನ ಒಂದು ಬಿಳಿ ದೀಪ ಕೋಲಿನ ತುದಿಗೆ ಕಟ್ಟಿ. ದೊಡ್ಡದು ಎಳೆಯುವಾಗ ಮಾತ್ರ. ದೀಪದ ಖರ್ಚು 20ರಿಂದ 10-11ಕ್ಕೆ ಬರುತ್ತದೆ. ಬರೀ ಸ್ವಿಚ್ ಬೇರೆ ಮಾಡಿದರೆ ಆಯಿತು, ದುಡ್ಡೇ ಇಲ್ಲ. ಆಮೇಲೆ ದೂರದ ಬೋಟಿನವರಿಗೆ ನೀವು ಕಾಣುವುದು ಆ ಎತ್ತರದ ಸಣ್ಣ ದೀಪದಿಂದಲೇ, ಕೆಳಗೆ ಬಲೆ ಕಡೆ ತಿರುಗಿಸಿಟ್ಟ ದೊಡ್ಡ ದೀಪದಿಂದ ಅಲ್ಲ. ಒಂದು ಒಳ್ಳೇ ಟಾರ್ಚ್ ಬೇರೆಯೇ ಇರಲಿ, ಡಬ್ಬ ಬಡಿಯುವುದು ತಪ್ಪುತ್ತದೆ.

ಗಂಗೊಳ್ಳಿ ದೋಣಿ

ಒಂದು ತಿಂಗಳಾಯಿತು, ಹೇಳಿ ಹೋಗೋಣ ಅಂತ ಬಂದೆ. ಅಣ್ಣನಿಗೆ ಲೀಥಿಯಂ ಆಸೆ ಇತ್ತು, ಕೈಯಲ್ಲಿ ಅಷ್ಟು ಇರಲಿಲ್ಲ. ಇ-ರಿಕ್ಷಾದ 100 ಎಎಚ್ ತಗೊಂಡೆವು, 10 ಆಂಪಿಯರ್ ಎಸ್‌ಎಂಪಿಎಸ್ ಚಾರ್ಜರ್, 4 ಸ್ಕ್ವೇರ್ ವೈರು, ಫ್ಯೂಸು. ಅಂಗಡಿಯವರು ಮೊದಲು ಒಂದೇ ಕೊಡುವುದಿಲ್ಲ ಎಂದರು, ಆಮೇಲೆ ಕೊಟ್ಟರು. ಕೋಲಿನ ತುದಿಗೆ 5 ವಾಟಿನ ದೀಪ ಕಟ್ಟಿದ್ದೇವೆ. ಬೆಳಿಗ್ಗೆ ಬಂದು ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ 12.4ರ ಮೇಲೇ ಇರುತ್ತದೆ. ನಿನ್ನೆ ರಜೆ, ಇಡೀ ದಿನ ಚಾರ್ಜಿಗೆ ಹಾಕಿ ಇವತ್ತು ಆರೂ ಸೆಲ್ ನೋಡಿದೆ, ಎಲ್ಲ 1.260 ದಾಟಿವೆ, ಒಂದಕ್ಕೊಂದು ಹೆಚ್ಚು ವ್ಯತ್ಯಾಸ ಇಲ್ಲ. ಫಿಶ್ ಫೈಂಡರ್ ಆಫ್ ಆಗುವುದು ನಿಂತಿತು.

ಎರಡು ಸಣ್ಣ ಪ್ರಶ್ನೆ. ನೀರು ಯಾವಾಗ ಹಾಕಬೇಕು? ಮತ್ತೆ ಬ್ಯಾಟರಿಯನ್ನು ಸಿಮೆಂಟ್ ನೆಲದ ಮೇಲಿಟ್ಟರೆ ಚಾರ್ಜ್ ಇಳಿಯುತ್ತದೆ, ಮರದ ಹಲಗೆ ಬೇಕು ಎಂದು ಅಮ್ಮ ಹೇಳುತ್ತಾರೆ. ಹೌದಾ?

ಬಸ್ರೂರು ಬ್ಯಾಟರಿ

ನೀರು ಚಾರ್ಜ್ ಆದ ಮೇಲೆ. ಮೊದಲೇ ತುಂಬಿಸಿದರೆ ಚಾರ್ಜ್ ಆಗುವಾಗ ಉಬ್ಬಿ ಹೊರಗೆ ಬರುತ್ತದೆ. ಪ್ಲೇಟು ಹೊರಗೆ ಕಾಣುತ್ತಿದ್ದರೆ ಮಾತ್ರ ಮುಚ್ಚುವಷ್ಟು ಮೊದಲೇ ಹಾಕಿ. ಡಿಸ್ಟಿಲ್ಡ್ ವಾಟರ್ ಮಾತ್ರ, ಬಾವಿ ನೀರೂ ಬೇಡ, ಆಸಿಡ್ಡೂ ಬೇಡ. 15 ದಿನಕ್ಕೊಮ್ಮೆ ನೋಡಿ. ಕಂಬಕ್ಕೆ ವ್ಯಾಸಲೀನ್ ಸವರಿ.

ಸಿಮೆಂಟ್ ನೆಲದ ಮಾತು ಹಿಂದೆ ಬ್ಯಾಟರಿ ಡಬ್ಬ ರಬ್ಬರ್‌ನದ್ದೋ ಮರದ್ದೋ ಇದ್ದ ಕಾಲದ್ದು. ಈಗಿನ ಪ್ಲಾಸ್ಟಿಕ್ ಡಬ್ಬಕ್ಕೆ ಏನೂ ಆಗುವುದಿಲ್ಲ. ಆದರೂ ಹಲಗೆ ಮೇಲೆ ಇಡಿ, ಆಸಿಡ್ ಚೆಲ್ಲಿದರೆ ನೆಲ ಹಾಳಾಗಿ ಅಮ್ಮನ ಹತ್ತಿರ ಬೈಸಿಕೊಳ್ಳುವುದು ತಪ್ಪುತ್ತದೆ.

ಗಂಗೊಳ್ಳಿ ದೋಣಿ

ಸರಿ. ಹಳೆಯ ಎರಡು ಬ್ಯಾಟರಿ ಕೊಟ್ಟಿಗೆಯಲ್ಲಿ ಬಿದ್ದಿವೆ. ಗುಜರಿಯವನು ಆಸಿಡ್ ಚೆಲ್ಲಿ ತಂದರೆ ತಗೊಳ್ಳುತ್ತೇನೆ ಅನ್ನುತ್ತಾನೆ.

ತದಡಿ ಏಡಿ

ಚೆಲ್ಲಬೇಡಿ ಮಾರಾಯ್ರೇ, ಎಲ್ಲಿ ಚೆಲ್ಲಿದರೂ ಮಳೆ ನೀರಿನ ಜೊತೆ ಹೊಳೆಗೇ ಬರುತ್ತದೆ, ಅಲ್ಲೇ ನಿಮ್ಮ ಸಿಗಡಿ ಇರುವುದು. ಬ್ಯಾಟರಿ ಅಂಗಡಿಗೆ ಆಸಿಡ್ ಸಮೇತ ಕೊಡಿ, ಹಳೆಯದನ್ನು ತಗೊಳ್ಳುತ್ತಾರೆ. ತೂಕದ ಮೇಲೆ ರೇಟು ಹಾಕಿದರೆ ಆಸಿಡ್ ಇದ್ದದ್ದೇ ನಿಮಗೆ ಲಾಭ.